ಜೇಕಿನ ಹೆಸರಿನಲ್ಲಿ ಉಳಿದ ಚರಿತ್ರೆ: ಡೆನ್ಮಾರ್ಕಿನ ಸಸ್ಯವಿಜ್ಞಾನಿ ರೊಟ್‌ಬೋಲ್

ಸಸ್ಯದ ಶಾಸ್ತ್ರೀಯ ನಾಮವೆಂಬುದು ಒಂದು ಕಿರುಶಾಸನ. ಅದರಲ್ಲಿ ಮೊದಲು ಬರುವುದು ಕುಲದ ಹೆಸರು, ಅನಂತರ ಪ್ರಭೇದದ ಹೆಸರು, ಕೊನೆಯಲ್ಲಿ ಆ ಹೆಸರನ್ನಿಟ್ಟ ಪಂಡಿತನ ಹೆಸರಿನ ಸಂಕ್ಷೇಪ. ದಕ್ಷಿಣ ಭಾರತದ ಸಸ್ಯಕೋಶಗಳಲ್ಲಿ ಜೇಕಿನ ಜಾತಿಯ ಗಿಡಗಳನ್ನು ವಿವರಿಸುವ ಪುಟಗಳನ್ನು ತೆರೆದರೆ ಈ ಕೊನೆಯ ಸ್ಥಾನದಲ್ಲಿ ‘ರೊಟ್ಬ್.’ ಎಂಬ ಸಂಕ್ಷೇಪ ಮತ್ತೆ ಮತ್ತೆ ಕಾಣಸಿಗುತ್ತದೆ. ಓದುವವರು ಅದನ್ನು ಸಾಮಾನ್ಯವಾಗಿ ದಾಟಿ ಮುಂದೆ ಹೋಗುತ್ತಾರೆ. ಆ ಸಂಕ್ಷೇಪದ ಹಿಂದಿರುವವನು ಹದಿನೆಂಟನೆಯ ಶತಮಾನದ ಡೆನ್ಮಾರ್ಕಿನ ವೈದ್ಯ ಹಾಗೂ ಸಸ್ಯವಿಜ್ಞಾನಿ ಕ್ರಿಸ್ಟನ್ ಫ್ರೀಸ್ ರೊಟ್‌ಬೋಲ್. ಭಾರತದ ನೆಲವನ್ನು ಎಂದೂ ಮೆಟ್ಟದ ಈತ ಭಾರತದ ಗದ್ದೆ, ಕೆರೆ, ಹೊಳೆಯಂಚುಗಳ ಹಲವು ಗಿಡಗಳಿಗೆ ಹೆಸರಿಟ್ಟನು.

ಕನ್ನಡದ ಶಿಲಾಶಾಸನಗಳಲ್ಲಿ ದತ್ತಿ ಕೊಟ್ಟವನ ಹೆಸರಿನೊಡನೆ ಪಾಠವನ್ನು ರಚಿಸಿದವನ, ಕಲ್ಲಿನಲ್ಲಿ ಕಂಡರಿಸಿದವನ ಹೆಸರುಗಳೂ ಹಲವೆಡೆ ದೊರೆಯುತ್ತವೆ. ಸಸ್ಯನಾಮದ ನಿಯಮ ಅಷ್ಟು ಉದಾರವಾದುದಲ್ಲ. ಅದು ವಿವರಣೆಯನ್ನು ಬರೆದು ಪ್ರಕಟಿಸಿದವನಿಗೆ ಮಾತ್ರ ಸ್ಥಾನವನ್ನು ಕೊಡುತ್ತದೆ. ಗಿಡವನ್ನು ಕಂಡು ಕಿತ್ತವನಿಗೆ, ಒಣಗಿಸಿ ಹಡಗಿಗೇರಿಸಿದವನಿಗೆ, ಆ ಗಿಡದ ದೇಶೀಯ ಹೆಸರನ್ನು ಹೇಳಿಕೊಟ್ಟವನಿಗೆ ಅಲ್ಲಿ ಎಡೆಯಿಲ್ಲ. ಅವರು ಉಳಿಯಬೇಕಾದರೆ ಹೆಸರಿಡುವವನೇ ಅವರನ್ನು ಕುಲನಾಮದೊಳಗೋ ಪ್ರಭೇದನಾಮದೊಳಗೋ ಸೇರಿಸಬೇಕು. ರೊಟ್‌ಬೋಲನು ಇಟ್ಟ ಹೆಸರುಗಳನ್ನು ಈ ದೃಷ್ಟಿಯಿಂದ ಓದಿದಾಗ ಅವು ಕೇವಲ ಸಸ್ಯಶಾಸ್ತ್ರದ ಪದಗಳಾಗಿ ಉಳಿಯದೆ, ಯಾರನ್ನು ನೆನೆಯಬೇಕು, ಯಾರನ್ನು ಮರೆಯಬಹುದು ಎಂಬ ತೀರ್ಮಾನಗಳಾಗಿಯೂ ತೋರುತ್ತವೆ.

ಕೋಪನ್‌ಹೇಗನ್ನಿನ ಪಂಡಿತ

ರೊಟ್‌ಬೋಲನು 1727ರಲ್ಲಿ ಜನಿಸಿದನು. ಸ್ವೀಡನ್ನಿನ ಮಹಾಪಂಡಿತ ಲಿನೇಯಸನ ಶಿಷ್ಯನಾಗಿ, ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕನಾಗಿ, 1770ರಿಂದ ಅಲ್ಲಿನ ಸಸ್ಯೋದ್ಯಾನದ ನಿರ್ದೇಶಕನಾಗಿ ಬಾಳಿದವನು. ಆ ಕಾಲದಲ್ಲಿ ವೈದ್ಯವಿದ್ಯೆಯೂ ಸಸ್ಯವಿದ್ಯೆಯೂ ಬೇರೆಬೇರೆಯಾಗಿರಲಿಲ್ಲ. ಔಷಧಿಯ ಗಿಡವನ್ನು ಗುರುತಿಸಲಾರದವನು ವೈದ್ಯನಾಗಲಾರನೆಂಬುದು ಯುರೋಪಿನ ವಿಶ್ವವಿದ್ಯಾಲಯಗಳ ನಂಬಿಕೆಯಾಗಿತ್ತು. ಲಿನೇಯಸನು 1753ರಲ್ಲಿ ಪ್ರಕಟಿಸಿದ ‘ಸ್ಪೀಷೀಸ್ ಪ್ಲಾಂಟಾರಮ್’ ಗ್ರಂಥದಿಂದ ಪ್ರತಿಯೊಂದು ಸಸ್ಯಕ್ಕೂ ಎರಡು ಪದಗಳ ಹೆಸರನ್ನಿಡುವ ಪದ್ಧತಿ ನೆಲೆಗೊಂಡಿತ್ತು. ಅದಕ್ಕೆ ಮೊದಲು ಒಂದು ಗಿಡವನ್ನು ಸೂಚಿಸಲು ಲ್ಯಾಟಿನ್ನಿನ ಉದ್ದವಾದ ವಾಕ್ಯವೇ ಬೇಕಾಗುತ್ತಿತ್ತು. ಹೊಸ ಪದ್ಧತಿ ಬಂದ ಮೇಲೆ ಲೋಕದ ಗಿಡಗಳೆಲ್ಲವೂ ಹೆಸರಿಗಾಗಿ ಕಾದು ನಿಂತಂತಾಯಿತು. ಲಿನೇಯಸನ ಶಿಷ್ಯರು ದೂರದೇಶಗಳಿಗೆ ಹೊರಟರು. ಅವರಲ್ಲಿ ಹಲವರು ಹಿಂದಿರುಗಲಿಲ್ಲ. ಮನೆಯಲ್ಲೇ ಉಳಿದ ಪಂಡಿತರು ಅವರು ಕಳುಹಿಸಿದ ಒಣಗಿದ ಗಿಡಗಳ ಮುಂದೆ ಕುಳಿತು ಹೆಸರುಗಳನ್ನು ರಚಿಸಿದರು. ರೊಟ್‌ಬೋಲನು ಈ ಎರಡನೆಯ ವರ್ಗಕ್ಕೆ ಸೇರಿದವನು.

ಆತನ ಮುಖ್ಯ ಕೃತಿ 1773ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹೊರಬಂದ, ಅಪರೂಪದ ಹಾಗೂ ಬಹುಮಟ್ಟಿಗೆ ಹೊಸದಾದ ಸಸ್ಯಗಳ ವಿವರಣೆ ಮತ್ತು ಚಿತ್ರಗಳನ್ನೊಳಗೊಂಡ ಲ್ಯಾಟಿನ್ ಗ್ರಂಥ. ಇದು ಪ್ರಧಾನವಾಗಿ ಹುಲ್ಲಿನಂತೆ ಕಾಣುವ ಗಿಡಗಳನ್ನು ಕುರಿತದ್ದು. ಅದರ ಹಿಂದಿನ ವರ್ಷ, 1772ರಲ್ಲಿ, ಇದಕ್ಕೆ ಪೂರ್ವಪೀಠಿಕೆಯಂತಿರುವ ಕಿರುಗ್ರಂಥವೊಂದನ್ನೂ ಆತನು ಪ್ರಕಟಿಸಿದ್ದನು. ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದಲ್ಲಿ ಹೇರಳವಾಗಿ ಬೆಳೆಯುವ ಜೊಂಡಿನಂಥ ಗಿಡಗಳ ‘ರೆಸ್ಟಿಯೋ’ ಎಂಬ ಕುಲನಾಮ ಆ ಕಿರುಗ್ರಂಥದಿಂದ ಬಂದುದು. ಲ್ಯಾಟಿನ್ನಿನಲ್ಲಿ ‘ರೆಸ್ಟಿಸ್’ ಎಂದರೆ ಹಗ್ಗ. ಇಂದು ಇಡೀ ಒಂದು ಸಸ್ಯಕುಟುಂಬ ಆ ಹೆಸರಿನಿಂದ ಕರೆಯಲ್ಪಡುತ್ತಿದೆ.

ಜೇಕಿನ ಜಟಿಲತೆ

ಹೂವಿನ ಸೊಬಗಿಲ್ಲದ ಈ ಗಿಡಗಳನ್ನು ಆರಿಸಿಕೊಂಡುದರಲ್ಲಿಯೇ ರೊಟ್‌ಬೋಲನ ಪಾಂಡಿತ್ಯದ ಸ್ವರೂಪ ವ್ಯಕ್ತವಾಗುತ್ತದೆ. ಜೇಕು, ಕೊನ್ನಾರಿ ಮೊದಲಾದವುಗಳನ್ನು ಜನ ಹುಲ್ಲೆಂದೇ ಕರೆಯುತ್ತಾರೆ. ಆದರೆ ಹುಲ್ಲಿನ ಕಾಂಡ ಸಾಮಾನ್ಯವಾಗಿ ಉರುಟಾಗಿ, ಗೆಣ್ಣುಗಳಿಂದ ಕೂಡಿ, ಒಳಗೆ ಟೊಳ್ಳಾಗಿರುತ್ತದೆ. ಜೇಕಿನ ಕಾಂಡ ಬಹುಮಟ್ಟಿಗೆ ಮೂರು ಅಂಚುಗಳದ್ದು, ಒಳಗೆ ಗಟ್ಟಿ. ಬೆರಳುಗಳ ನಡುವೆ ಹೊರಳಿಸಿದರೆ ಆ ಅಂಚುಗಳು ತಿಳಿಯುತ್ತವೆ. ಇವುಗಳ ಹೂವಿಗೆ ಬಣ್ಣದ ಎಸಳಿಲ್ಲ. ಚಿಕ್ಕ ಹೊಟ್ಟಿನಂಥ ಹುರುಪೆಗಳ ಮರೆಯಲ್ಲಿ ಕೇಸರ, ಶಲಾಕೆಗಳು ಅಡಗಿರುತ್ತವೆ. ಒಂದು ಜಾತಿಯನ್ನು ಇನ್ನೊಂದರಿಂದ ಬೇರ್ಪಡಿಸಲು ಮಸೂರವನ್ನು ಹಿಡಿದು ಕಾಳಿನ ಆಕಾರ, ಶಲಾಕೆಯ ಕವಲು, ಹುರುಪೆಗಳ ಜೋಡಣೆ ಇವನ್ನು ನೋಡಬೇಕು. ಲಿನೇಯಸನ ಕಾಲಕ್ಕೆ ಈ ವರ್ಗದ ವಿಂಗಡಣೆ ಇನ್ನೂ ಒರಟಾಗಿತ್ತು. ರೊಟ್‌ಬೋಲನು ತಾಮ್ರದ ತಗಡಿನಲ್ಲಿ ಕೊರೆಸಿದ ಚಿತ್ರಗಳ ಜೊತೆಗೆ ಪ್ರತಿಯೊಂದನ್ನೂ ವಿವರಿಸಿದನು. ಇನ್ನೂರೈವತ್ತು ವರ್ಷಗಳ ಬಳಿಕವೂ ಆತನ ವಿವರಣೆಗಳು ಆಧಾರವಾಗಿ ಉಳಿದಿರುವುದಕ್ಕೆ ಆ ಚಿತ್ರಗಳೂ ಕಾರಣ.

ತರಂಗಂಬಾಡಿಯಿಂದ ಬಂದ ಗಿಡಗಳು

ಈ ಗ್ರಂಥಕ್ಕೆ ಬೇಕಾದ ಭಾರತೀಯ ಸಾಮಗ್ರಿ ದೊರೆತುದು ಚೋಳಮಂಡಲದ ಕರಾವಳಿಯಿಂದ. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನೊಡನೆ ಮಾಡಿಕೊಂಡ ಒಪ್ಪಂದದಂತೆ ಡೇನರು ತರಂಗಂಬಾಡಿಯಲ್ಲಿ ನೆಲೆಯೂರಿದರು. 1845ರಲ್ಲಿ ಇಂಗ್ಲಿಷರಿಗೆ ಮಾರುವವರೆಗೂ ಆ ಊರು ಅವರ ಕೈಯಲ್ಲಿತ್ತು. 1706ರಲ್ಲಿ ಅಲ್ಲಿಗೆ ಬಂದ ಲೂಥರನ್ ಪಾದ್ರಿಗಳು ತಮಿಳನ್ನು ಕಲಿತು, ವ್ಯಾಕರಣವನ್ನು ಬರೆದು, ತಮಿಳು ಅಚ್ಚುಕೂಟವನ್ನು ಸ್ಥಾಪಿಸಿದ ಕಥೆ ಭಾಷಾಧ್ಯಯನ ಮಾಡುವವರಿಗೆ ಪರಿಚಿತವಾದುದೇ. ಅದೇ ಮಿಷನ್ನಿಗೆ 1768ರಲ್ಲಿ ವೈದ್ಯನಾಗಿ ಬಂದವನು ಯೊಹಾನ್ ಗೆರ್ಹಾರ್ಡ್ ಕ್ಯೋನಿಗ್. ಬಾಲ್ಟಿಕ್ ತೀರದ ಜರ್ಮನ್ ಮನೆತನದಲ್ಲಿ ಹುಟ್ಟಿದ ಈತನೂ ಲಿನೇಯಸನ ಶಿಷ್ಯ. ಭಾರತಕ್ಕೆ ಬರುವ ಮೊದಲು ಡೆನ್ಮಾರ್ಕಿನ ಪರವಾಗಿ ಐಸ್‌ಲೆಂಡಿನಲ್ಲಿ ಗಿಡಗಳನ್ನು ಸಂಗ್ರಹಿಸಿದ್ದವನು.

ಕ್ಯೋನಿಗನ ಬಾಳು ಅಲೆದಾಟದ ಬಾಳು. ಮಿಷನ್ನಿನ ಸಂಬಳ ಸಾಲದೆ ಆತನು 1774ರಲ್ಲಿ ಆರ್ಕಾಟಿನ ನವಾಬನ ಆಶ್ರಯವನ್ನು ಸೇರಿದನು. 1778ರಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಸಸ್ಯಪಂಡಿತನಾದನು. ಸಯಾಮ್, ಮಲಾಕ್ಕಾಗಳವರೆಗೂ ಸಂಚರಿಸಿದನು. 1785ರಲ್ಲಿ ಕಾಕಿನಾಡದ ಸಮೀಪದ ಜಗನ್ನಾಥಪುರದಲ್ಲಿ ತೀರಿಕೊಂಡಾಗ ಆತನ ಬಳಿ ಉಳಿದಿದ್ದ ದೊಡ್ಡ ಆಸ್ತಿಯೆಂದರೆ ಗಿಡಗಳು ಮತ್ತು ಕೈಬರಹದ ಟಿಪ್ಪಣಿಗಳು. ಅವನ್ನು ಲಂಡನ್ನಿನ ಜೋಸೆಫ್ ಬ್ಯಾಂಕ್ಸನಿಗೆ ಬಿಟ್ಟುಹೋದನು. ಬದುಕಿರುವಾಗಲೇ ಆತನು ಲಿನೇಯಸನಿಗೂ ಯುರೋಪಿನ ಇತರ ಪಂಡಿತರಿಗೂ ಧಾರಾಳವಾಗಿ ಗಿಡಗಳನ್ನು ಹಂಚಿದ್ದನು. ಹೀಗಾಗಿ ಆತನು ಕಂಡ ಗಿಡಗಳ ಹೆಸರಿನ ಕೊನೆಯಲ್ಲಿ ಲಿನೇಯಸನ, ಲಿನೇಯಸನ ಮಗನ, ರೊಟ್‌ಬೋಲನ, ರೆಟ್ಸಿಯಸನ, ವಾಹ್ಲನ ಹೆಸರುಗಳು ನಿಂತವು. ಕಂಡವನೊಬ್ಬ, ಕರ್ತೃಗಳು ಹಲವರು.

ಪಂಗೊರೆಯಿ: ಉಳಿದುಕೊಂಡ ತಮಿಳು ಪದ

1773ರ ಗ್ರಂಥದಲ್ಲಿ ರೊಟ್‌ಬೋಲನು ಒಂದು ಭಾರತೀಯ ಜೇಕಿಗೆ ‘ಸೈಪರಸ್ ಪಂಗೊರೆಯಿ’ ಎಂದು ಹೆಸರಿಟ್ಟನು. ‘ಸೈಪರಸ್’ ಗ್ರೀಕ್ ಮೂಲದ ಪ್ರಾಚೀನ ಪದ. ‘ಪಂಗೊರೆಯಿ’ ಗ್ರೀಕೂ ಅಲ್ಲ, ಲ್ಯಾಟಿನ್ನೂ ಅಲ್ಲ. ಅದರೊಳಗೆ ತಮಿಳಿನ ‘ಕೋರೈ’ ಶಬ್ದ ಸ್ಪಷ್ಟವಾಗಿ ಕೇಳಿಸುತ್ತದೆ. ಚಾಪೆ ಹೆಣೆಯಲು ಬಳಸುವ ಜೇಕುಗಳಿಗೆ ತಮಿಳರು ಕೋರೈ ಎನ್ನುತ್ತಾರೆ. ತಿರುನೆಲ್ವೇಲಿ ಸೀಮೆಯ ಪತ್ತಮಡೈ ಎಂಬ ಊರಿನ ಹೆಸರಾಂತ ಚಾಪೆಗಳು ಇದೇ ಗಿಡದ ಕಾಂಡದಿಂದ ತಯಾರಾಗುತ್ತವೆ. ಕಾಂಡವನ್ನು ನೀರಿನಲ್ಲಿ ನೆನೆಸಿ, ಎಳೆಎಳೆಯಾಗಿ ಸೀಳಿ, ಬಣ್ಣ ಹಾಕಿ ನೇಯ್ದಾಗ ಬಟ್ಟೆಯಂತೆ ಮಡಿಚಬಹುದಾದ ನಯವಾದ ಚಾಪೆ ದೊರೆಯುತ್ತದೆ.

ಈ ಗಿಡಕ್ಕೆ ಇನ್ನೊಂದು ಹೆಸರೂ ಬಂದಿತು. ಕ್ಯೋನಿಗನ ಪರಿಚಯವಿದ್ದು, ಮುಂದೆ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾದ ವಿಲಿಯಂ ರಾಕ್ಸ್‌ಬರ್ಗನು ಇದನ್ನು ‘ಸೈಪರಸ್ ಟೆಗೆಟಮ್’ ಎಂದು ಕರೆದನು. ಲ್ಯಾಟಿನ್ನಿನಲ್ಲಿ ಅದರ ಅರ್ಥ ‘ಚಾಪೆಗಳ ಜೇಕು’ ಎಂದು. ಹಲವು ದಶಕಗಳ ಕಾಲ ಭಾರತದಲ್ಲೇ ಬಾಳಿ, ಗಿಡಗಳ ಬಳಕೆಯನ್ನು ಕಣ್ಣಾರೆ ಕಂಡ ರಾಕ್ಸ್‌ಬರ್ಗನು ಅದರ ಉಪಯೋಗವನ್ನು ಲ್ಯಾಟಿನ್ನಿಗೆ ತಿರುಗಿಸಿದನು. ಭಾರತವನ್ನೇ ಕಾಣದ ರೊಟ್‌ಬೋಲನು ಜನರ ನಾಲಿಗೆಯ ಪದವನ್ನೇ ಇಟ್ಟುಕೊಂಡನು. ಮೊದಲು ಪ್ರಕಟವಾದ ಹೆಸರಿಗೇ ಮನ್ನಣೆ ಎಂಬುದು ಸಸ್ಯಶಾಸ್ತ್ರದ ನಿಯಮ. ಆದುದರಿಂದ ರಾಕ್ಸ್‌ಬರ್ಗನ ಹೆಸರು ಪರ್ಯಾಯಗಳ ಪಟ್ಟಿಗೆ ಸರಿಯಿತು, ತಮಿಳು ಪದ ಉಳಿಯಿತು. ಅಚ್ಚಿನಲ್ಲಿ ಮೊದಲಿಗನಾದ ಒಂದೇ ಕಾರಣಕ್ಕೆ ಲಭಿಸಿದ ಈ ಗೆಲುವಿನ ಮೂಲಕ ಚೋಳಮಂಡಲದ ಯಾವನೋ ಹೆಸರಿಲ್ಲದ ರೈತನ ಅಥವಾ ಚಾಪೆಯವನ ಮಾತು ವಿಶ್ವದ ಸಸ್ಯಕೋಶಗಳಲ್ಲಿ ನೆಲೆ ಪಡೆಯಿತು.

ಇದಕ್ಕೆ ಒಂದು ಶತಮಾನ ಮೊದಲು, 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಪ್ರಕಟವಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ವಾನ್ ರೀಡನು ಮಲಯಾಳದ ವೈದ್ಯ ಇಟ್ಟಿ ಅಚ್ಯುತನ ಮತ್ತು ಕೊಂಕಣಿ ಪಂಡಿತರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರ ಹೇಳಿಕೆಗಳನ್ನು ಅವರವರ ಹೆಸರಿನೊಂದಿಗೇ ಮುದ್ರಿಸಿದ್ದನು. ಎರಡು ಪದಗಳ ನಾಮಪದ್ಧತಿ ಬಂದ ಮೇಲೆ ಅಂಥ ವಿಸ್ತಾರಕ್ಕೆ ಹೆಸರಿನೊಳಗೆ ಅವಕಾಶ ಉಳಿಯಲಿಲ್ಲ. ಹೆಸರು ಚಿಕ್ಕದಾದಷ್ಟೂ ಅದರ ಹೊರಗೆ ನಿಂತವರು ಹೆಚ್ಚಾದರು.

ಕಿಲ್ಲಿಂಗ, ಫುಯಿರೆನ: ಪೂರ್ವಸೂರಿಗಳ ಸ್ಮರಣೆ

ಪ್ರಭೇದಕ್ಕೆ ತಮಿಳು ಪದವನ್ನಿಟ್ಟ ಪಂಡಿತನು ಕುಲನಾಮಗಳ ವಿಷಯದಲ್ಲಿ ತನ್ನ ನಾಡಿನ ಕಡೆಗೆ ತಿರುಗಿದನು. ಗುಂಡನೆಯ ಪುಟ್ಟ ತಲೆಯಂಥ ಹೂಗೊಂಚಲುಳ್ಳ ಜೇಕುಗಳನ್ನು ಪ್ರತ್ಯೇಕಿಸಿ ಅವಕ್ಕೆ ‘ಕಿಲ್ಲಿಂಗ’ ಎಂದು ಹೆಸರಿಟ್ಟನು. ಇದು ಪೀಡರ್ ಕ್ಯೂಲಿಂಗನ ಸ್ಮರಣೆ. ಹದಿನೇಳನೆಯ ಶತಮಾನದ ಈ ಡೇನಿಷ್ ಪಂಡಿತನು 1688ರಲ್ಲಿ ‘ವಿರಿಡೇರಿಯಮ್ ಡಾನಿಕಮ್’ ಎಂಬ ಗ್ರಂಥದಲ್ಲಿ ಡೆನ್ಮಾರ್ಕಿನ ಗಿಡಗಳನ್ನು ಅವು ಬೆಳೆಯುವ ಸ್ಥಳಗಳ ಸಮೇತ ಪಟ್ಟಿ ಮಾಡಿದವನು. ಇನ್ನೊಂದು ಕುಲಕ್ಕೆ ರೊಟ್‌ಬೋಲನಿಟ್ಟ ಹೆಸರು ‘ಫುಯಿರೆನ’. ಅದು ಇನ್ನೂ ಹಿಂದಿನ ತಲೆಮಾರಿನ ವೈದ್ಯ, 1628ರಲ್ಲಿ ತೀರಿಕೊಂಡ ಯೋರ್ಗನ್ ಫ್ಯೂಯಿರೆನನ ನೆನಪು. ಈತನು ಡೆನ್ಮಾರ್ಕಿನಲ್ಲಿ ಸಂಚರಿಸಿ ಗಿಡಗಳನ್ನು ದಾಖಲಿಸಿದ ಮೊದಲಿಗರಲ್ಲೊಬ್ಬ.

ಈ ಇಬ್ಬರೂ ಉಷ್ಣವಲಯದ ಈ ಜೇಕುಗಳನ್ನು ಕಂಡವರಲ್ಲ. ಆದರೂ ಕರ್ನಾಟಕದ ಗದ್ದೆಯ ಬದುಗಳಲ್ಲಿ, ತೇವದ ಹುಲ್ಲುಹಾಸುಗಳಲ್ಲಿ ಬೆಳೆಯುವ ಒಂದು ಪುಟ್ಟ ಗಿಡ ಡೆನ್ಮಾರ್ಕಿನ ಹಳೆಯ ಪಂಡಿತನ ಹೆಸರನ್ನು ಹೊತ್ತು ‘ಕಿಲ್ಲಿಂಗ ಬ್ರೆವಿಫೋಲಿಯ’ ಎನ್ನಿಸಿಕೊಂಡಿತು. ‘ಬ್ರೆವಿಫೋಲಿಯ’ ಎಂದರೆ ಗಿಡ್ಡ ಎಲೆಯದು. ಇದನ್ನು ಕೇವಲ ದೇಶಾಭಿಮಾನವೆಂದು ತಳ್ಳಿಹಾಕಲಾಗದು. ಲಿನೇಯಸನ ಕೀರ್ತಿಯ ಬೆಳಕಿನಲ್ಲಿ ಅವನಿಗಿಂತ ಹಿಂದಿನವರೆಲ್ಲ ಮಂಕಾಗುತ್ತಿದ್ದ ಕಾಲವದು. ದೊಡ್ಡ ನೆರೆರಾಜ್ಯದ ದೊಡ್ಡ ಗುರುವಿನ ಶಿಷ್ಯನಾಗಿದ್ದೂ ರೊಟ್‌ಬೋಲನು ತನ್ನ ಚಿಕ್ಕ ನಾಡಿಗೂ ಒಂದು ಸಸ್ಯಶಾಸ್ತ್ರೀಯ ಪರಂಪರೆ ಇತ್ತೆಂಬುದನ್ನು ಕುಲನಾಮಗಳ ಮೂಲಕ ದಾಖಲಿಸಿದನು. ಕಾವ್ಯಾರಂಭದಲ್ಲಿ ಪೂರ್ವಕವಿಗಳನ್ನು ಸ್ಮರಿಸುವ ಸಂಪ್ರದಾಯವನ್ನು ಬಲ್ಲ ಕನ್ನಡದ ಓದುಗರಿಗೆ ಈ ಮನೋಧರ್ಮ ಅಪರಿಚಿತವೆನಿಸದು.

ಗುರುವಿನಿಂದ ದೂರವಾದ ಶಿಷ್ಯ

ರೊಟ್‌ಬೋಲನು ಇಟ್ಟ ಹೆಸರುಗಳಲ್ಲಿ ಹೆಚ್ಚು ಮನ ಕಲಕುವುದು ‘ರೊಲಾಂಡ್ರ’. ದಾನಿಯೆಲ್ ರೊಲಾಂಡರ್ ಲಿನೇಯಸನ ಶಿಷ್ಯ, ಅವನ ಮನೆಯಲ್ಲಿಯೇ ಇದ್ದು ಕಲಿತವನು. ಗುರುವಿನ ಪ್ರೇರಣೆಯಿಂದ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋದನು. 1756ರಲ್ಲಿ ಹಿಂದಿರುಗಿದಾಗ ದೇಹ ಮನಸ್ಸುಗಳೆರಡೂ ಕುಸಿದಿದ್ದವು. ತಾನು ತಂದ ಗಿಡಗಳನ್ನು ಗುರುವಿಗೆ ಒಪ್ಪಿಸಲು ಆತನು ನಿರಾಕರಿಸಿದನು. ಗುರುಶಿಷ್ಯರ ಸಂಬಂಧ ಕಡಿದುಹೋಯಿತು. ಆ ಕಾಲದಲ್ಲಿ ಲಿನೇಯಸನ ಅವಕೃಪೆಗೆ ಪಾತ್ರನಾಗುವುದೆಂದರೆ ಸಸ್ಯಲೋಕದಿಂದಲೇ ಹೊರಬಿದ್ದಂತೆ. ರೊಲಾಂಡರನು ಬಡತನದಲ್ಲಿ ಬಾಳಿ 1793ರಲ್ಲಿ ತೀರಿಕೊಂಡನು. ಆತನ ಸಂಗ್ರಹವೂ ಲ್ಯಾಟಿನ್ ದಿನಚರಿಯೂ ಕೋಪನ್‌ಹೇಗನ್ನನ್ನು ಸೇರಿದವು. ಆ ದಿನಚರಿ ಅಚ್ಚಾದುದು 2008ರಲ್ಲಿ, ಇಂಗ್ಲಿಷ್ ಅನುವಾದವಾಗಿ.

ರೊಟ್‌ಬೋಲನು ಈ ಸಂಗ್ರಹವನ್ನು ಅಭ್ಯಸಿಸಿ 1776ರಲ್ಲಿ ಸುರಿನಾಮಿನ ಅಪರೂಪದ ಸಸ್ಯಗಳ ಮೇಲೆ ಒಂದು ಗ್ರಂಥವನ್ನು ಪ್ರಕಟಿಸಿದನು. ಅಷ್ಟಕ್ಕೇ ನಿಲ್ಲದೆ ಸೇವಂತಿಗೆಯ ಕುಟುಂಬಕ್ಕೆ ಸೇರಿದ ಅಮೆರಿಕದ ಒಂದು ಗಿಡಕ್ಕೆ ‘ರೊಲಾಂಡ್ರ’ ಎಂಬ ಕುಲನಾಮವನ್ನಿಟ್ಟನು. ಆ ಗಿಡವನ್ನು ಲಿನೇಯಸನು ಮೊದಲೇ ಬೇರೊಂದು ಕುಲದಲ್ಲಿ ಸೇರಿಸಿ ‘ಎಕೈನಾಪ್ಸ್ ಫ್ರೂಟಿಕೋಸಸ್’ ಎಂದು ಕರೆದಿದ್ದನು. ರೊಟ್‌ಬೋಲನು ಗಿಡದ ಬೆಳ್ಳಿಯ ಹೊಳಪನ್ನು ಸೂಚಿಸುವ ಹೊಸ ಪ್ರಭೇದನಾಮವನ್ನು ಕೊಟ್ಟಿದ್ದರೂ ಮೊದಲ ಹೆಸರಿಗೆ ಮನ್ನಣೆಯೆಂಬ ನಿಯಮದಂತೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಿನೇಯಸನ ಪದವೇ ಮರಳಿ ಬಂದಿತು. ಇಂದು ಆ ಗಿಡದ ಹೆಸರು ‘ರೊಲಾಂಡ್ರ ಫ್ರೂಟಿಕೋಸ’. ಮೊದಲ ಪದದಲ್ಲಿ ತಿರಸ್ಕೃತನಾದ ಶಿಷ್ಯ, ಎರಡನೆಯ ಪದದಲ್ಲಿ ತಿರಸ್ಕರಿಸಿದ ಗುರು. ಬದುಕಿನಲ್ಲಿ ಮತ್ತೆ ಕೂಡದವರು ಒಂದು ಗಿಡದ ಹೆಸರಿನಲ್ಲಿ ಕೂಡಿದ್ದಾರೆ. ಅವರನ್ನು ಕೂಡಿಸಿದವನ ಹೆಸರು ಪ್ರಭೇದನಾಮದ ಬಳಿಯಿಲ್ಲ.

ಕರಿಬೇವು ಮತ್ತು ಕ್ಯೋನಿಗ್

ಕ್ಯೋನಿಗನನ್ನು ನೆನೆಯುವ ಕಾರ್ಯವನ್ನು ಲಿನೇಯಸನೇ ಮಾಡಿದನು. 1767ರಲ್ಲಿ ಐಸ್‌ಲೆಂಡಿನ ಒಂದು ಪುಟಾಣಿ ಗಿಡವನ್ನು ‘ಕೊಯೆನಿಗಿಯ ಇಸ್ಲಾಂಡಿಕ’ ಎಂದು ಕರೆದನು. ಹಿಮದ ನಾಡಿನಲ್ಲಿ ಒಂದೇ ಬೇಸಗೆಯಲ್ಲಿ ಹುಟ್ಟಿ ಸಾಯುವ, ಬೆರಳುದ್ದವೂ ಬೆಳೆಯದ ಗಿಡವದು. 1771ರಲ್ಲಿ ಭಾರತದ ಒಂದು ಗಿಡ ‘ಬೆರ್ಗೆರ ಕೊಯೆನಿಗಿ’ ಎಂಬ ಹೆಸರನ್ನು ಪಡೆಯಿತು. ಅದು ದಕ್ಷಿಣ ಭಾರತದ ಪ್ರತಿಯೊಂದು ಅಡುಗೆಮನೆಯ ಕರಿಬೇವು. ಮುಂದೆ ಅದನ್ನು ‘ಮುರ್ರಾಯ’ ಕುಲಕ್ಕೆ ಸೇರಿಸಿದರು, ಇತ್ತೀಚೆಗೆ ಮತ್ತೆ ‘ಬೆರ್ಗೆರ’ ಕುಲಕ್ಕೇ ಮರಳಿಸುತ್ತಿದ್ದಾರೆ. ಕುಲ ಬದಲಾದರೂ ‘ಕೊಯೆನಿಗಿ’ ಎಂಬ ಪದ ಮಾತ್ರ ಕದಲಲಿಲ್ಲ. ಒಗ್ಗರಣೆಯ ಕರಿಬೇವಿನೊಡನೆ ಜಗನ್ನಾಥಪುರದಲ್ಲಿ ಮಡಿದ ವೈದ್ಯನ ಹೆಸರು ದಿನದಿನವೂ ಬಳಕೆಯಾಗುತ್ತಿದೆ, ಬಳಸುವವರ ಅರಿವಿಗೆ ಬಾರದೆ.

ಕ್ಯೋನಿಗನ ಅನುಭವ ಮುಂದೆ ಮೈಸೂರು ಸೀಮೆಯಲ್ಲಿಯೂ ಮರುಕಳಿಸಿತು. ತರಂಗಂಬಾಡಿಯ ಮೊರೇವಿಯನ್ ಬಂಧುಗಳ ಗುಂಪಿಗೆ ಸೇರಿದ್ದ ಬೆಂಜಮಿನ್ ಹೈನ್, ಟಿಪ್ಪುವಿನ ಪತನದ ಬಳಿಕ ಕಾಲಿನ್ ಮೆಕೆಂಜಿಯ ಮೈಸೂರು ಮೋಜಣಿಯಲ್ಲಿ ಸಸ್ಯಪಂಡಿತನಾಗಿ ಕೆಲಸ ಮಾಡಿದನು. ಕೆಲಕಾಲ ಬೆಂಗಳೂರಿನ ಲಾಲ್‌ಬಾಗಿನ ಹೊಣೆಯನ್ನೂ ಹೊತ್ತಿದ್ದನು. ಆತನ ಗಿಡಗಳನ್ನು ಜರ್ಮನಿಯಲ್ಲಿ ಕುಳಿತು ವಿವರಿಸಿದವನು ಭಾರತವನ್ನು ಕಾಣದ ಆಲ್ಬ್ರೆಕ್ಟ್ ವಿಲ್ಹೆಲ್ಮ್ ರೋತ್. 1821ರಲ್ಲಿ ಪ್ರಕಟವಾದ ರೋತನ ಗ್ರಂಥದ ಮೂಲಕ ಗೋಣಿಮರಕ್ಕೆ ‘ಫೈಕಸ್ ಮೈಸೊರೆನ್ಸಿಸ್’ ಎಂಬ ಹೆಸರು ಬಂದಿತು. ಅದೇ ಪ್ರಭೇದಕ್ಕೆ ಥುನ್‌ಬರ್ಗನು 1786ರಲ್ಲೇ ‘ಫೈಕಸ್ ಡ್ರುಪೇಸಿಯ’ ಎಂದು ಹೆಸರಿಟ್ಟಿದ್ದುದರಿಂದ ಮೈಸೂರಿನ ಹೆಸರು ಈಗ ಪರ್ಯಾಯವಾಗಿ ಮಾತ್ರ ಉಳಿದಿದೆ. ‘ಪಂಗೊರೆಯಿ’ಯನ್ನು ಉಳಿಸಿದ ನಿಯಮವೇ ‘ಮೈಸೊರೆನ್ಸಿಸ್’ ಅನ್ನು ಅಳಿಸಿತು.

ಹೆಸರಿನ ಆಯುಷ್ಯ

ಹೆಸರಿಟ್ಟವನಿಗೂ ಒಂದು ಹೆಸರು ದೊರೆಯಿತು. ಲಿನೇಯಸನ ಮಗನು ಒಂದು ಹುಲ್ಲಿನ ಕುಲವನ್ನು ‘ರೊಟ್‌ಬೋಲಿಯ’ ಎಂದು ಕರೆದನು. ಏಷ್ಯ, ಆಫ್ರಿಕಗಳ ಉಷ್ಣಪ್ರದೇಶದ ಈ ಎತ್ತರವಾದ ಹುಲ್ಲಿನ ಎಲೆದೊಗಲೆಯ ಮೇಲಿನ ಗಡುಸು ರೋಮಗಳು ಚರ್ಮಕ್ಕೆ ಚುಚ್ಚಿ ನವೆಯನ್ನುಂಟುಮಾಡುತ್ತವೆ. ಅಮೆರಿಕ ಖಂಡದ ಕಬ್ಬು, ಜೋಳಗಳ ಹೊಲಗಳಿಗೂ ಹಬ್ಬಿ ಇದು ಬೇಸಾಯಗಾರರಿಗೆ ಕಷ್ಟದ ಕಳೆಯಾಗಿದೆ. ಸಾಧುವಾದ ಪಂಡಿತನಿಗೆ ಸಂದ ಸ್ಮಾರಕ ರೈತರ ಶಾಪಕ್ಕೆ ಗುರಿಯಾದ ಹುಲ್ಲು.

1797ರಲ್ಲಿ ರೊಟ್‌ಬೋಲನು ಕೋಪನ್‌ಹೇಗನ್ನಿನಲ್ಲಿ ತೀರಿಕೊಂಡನು. 1773ರ ಗ್ರಂಥದ ಶೀರ್ಷಿಕೆಯಲ್ಲಿ ‘ಮೊದಲನೆಯ ಪುಸ್ತಕ’ ಎಂದಿದ್ದರೂ ಎರಡನೆಯದು ಬರಲಿಲ್ಲ. ಆತನ ಸಂಗ್ರಹ ಇಂದಿಗೂ ಅದೇ ನಗರದಲ್ಲಿ ರಕ್ಷಿತವಾಗಿದೆ. ಇಪ್ಪತ್ತೊಂದನೆಯ ಶತಮಾನದ ಅನುವಂಶೀಯ ಸಂಶೋಧನೆಗಳು ‘ಕಿಲ್ಲಿಂಗ’ದ ಗಿಡಗಳು ‘ಸೈಪರಸ್’ ಕುಲದ ಒಳಗಿನವೇ ಎಂದು ತೋರಿಸಿವೆ. ಹಲವು ಸಸ್ಯಕೋಶಗಳಲ್ಲಿ ‘ಕಿಲ್ಲಿಂಗ ಬ್ರೆವಿಫೋಲಿಯ’ ಈಗ ‘ಸೈಪರಸ್ ಬ್ರೆವಿಫೋಲಿಯಸ್’ ಆಗಿದೆ. ಪೀಡರ್ ಕ್ಯೂಲಿಂಗನಿಗೆ ರೊಟ್‌ಬೋಲನು ನಿಲ್ಲಿಸಿದ ಸ್ಮಾರಕ ಹೀಗೆ ಕರಗುತ್ತಿದೆ. ಆದರೆ ಹೊಸ ಹೆಸರಿನ ಪಕ್ಕದಲ್ಲಿ ಮೊದಲ ಕರ್ತೃವಿನ ಸಂಕ್ಷೇಪ ಆವರಣದೊಳಗೆ ಉಳಿಯಬೇಕೆಂಬುದು ನಿಯಮ. ಸ್ಮರಿಸಲ್ಪಟ್ಟವನು ಮರೆಯಾದನು, ಸ್ಮರಿಸಿದವನು ಆವರಣದಲ್ಲಿ ಉಳಿದನು.

ಶಾಸನಗಳನ್ನು ಓದುವವರು ಕೊನೆಯ ಸಾಲನ್ನು ಬಿಟ್ಟು ಓದುವುದಿಲ್ಲ. ಕಂಡರಿಸಿದವನ ಹೆಸರು ಅಲ್ಲಿರಬಹುದು, ಆ ಹೆಸರಿನಿಂದ ಒಂದು ಕಾಲ, ಒಂದು ಊರು, ಒಂದು ಕುಶಲ ಪರಂಪರೆ ತೆರೆದುಕೊಳ್ಳಬಹುದು. ಸಸ್ಯನಾಮಗಳಿಗೂ ಅದೇ ಎಚ್ಚರ ಸಲ್ಲಬೇಕು. ‘ಸೈಪರಸ್ ಪಂಗೊರೆಯಿ ರೊಟ್ಬ್.’ ಎಂಬ ಮೂರು ಪದಗಳಲ್ಲಿ ಗ್ರೀಕ್ ಪರಂಪರೆಯಿದೆ, ತಮಿಳರ ನುಡಿಯಿದೆ, ಡೆನ್ಮಾರ್ಕಿನ ಪಾಂಡಿತ್ಯವಿದೆ. ಇವುಗಳ ನಡುವೆ ಕಾಣದಂತೆ, ನೀರಿನಲ್ಲಿ ನಿಂತು ಆ ಜೇಕನ್ನು ಕೊಯ್ದ ಕೈಗಳೂ ಇವೆ.